ಯಂತ್ರವೇ ತುಂಬುವ ಖಾಲಿ ಜಾಗ

ಶಾಲಾ ಕಚೇರಿಯಲ್ಲಿ ಇಟ್ಟಿರುವ ವ್ಯಾಸಂಗ ಪ್ರಮಾಣಪತ್ರದ ನಮೂನೆಯನ್ನು ನೀವು ನೋಡಿಯೇ ಇರುತ್ತೀರಿ. ವಾಕ್ಯಗಳೆಲ್ಲ ಮೊದಲೇ ಅಚ್ಚಾಗಿರುತ್ತವೆ. ಹೆಸರು, ತರಗತಿ, ದಿನಾಂಕ ಬರಬೇಕಾದ ಕಡೆಗಳಲ್ಲಿ ಮಾತ್ರ ಚುಕ್ಕೆಗಳ ಸಾಲು. ಈ ಖಾಲಿ ಜಾಗಗಳಲ್ಲಿ ಎರಡು ಬಗೆ ಇರುವುದನ್ನು ಗಮನಿಸಿದ್ದೀರಾ? ಹೆಸರು ಮತ್ತು ತರಗತಿಯನ್ನು ಪತ್ರ ಕೇಳಿಕೊಂಡು ಬಂದವರು ಹೇಳಬೇಕು. ದಿನಾಂಕವನ್ನು ಯಾರೂ ಹೇಳಬೇಕಾಗಿಲ್ಲ. ಗುಮಾಸ್ತರು ಗೋಡೆಯ ಕ್ಯಾಲೆಂಡರ್ ನೋಡಿ ತಾವೇ ಬರೆಯುತ್ತಾರೆ. ಕ್ಯಾಲೆಂಡರಿನ ಹಾಳೆ ಹರಿಯಲು ಮರೆತಿದ್ದರೆ ತಪ್ಪು ದಿನಾಂಕ ಬೀಳುತ್ತದೆ. ಆಗ ನಮೂನೆ ಬರೆದವರನ್ನೂ ದೂರುವಂತಿಲ್ಲ, ಪತ್ರ ಕೇಳಿದವರನ್ನೂ ದೂರುವಂತಿಲ್ಲ.

ಕಂಪ್ಯೂಟರಿಗೆ ನಾವು ಕೊಡುವ ಆಜ್ಞೆಗಳಲ್ಲಿಯೂ ಇಂಥ ಎರಡನೆಯ ಬಗೆಯ ಖಾಲಿ ಜಾಗಗಳಿವೆ. ದಿನವೂ ರಾತ್ರಿ ಹನ್ನೊಂದಕ್ಕೆ ಕಡತಗಳ ಪ್ರತಿ ತೆಗೆದು, ಅದಕ್ಕೆ ಆ ದಿನದ ತಾರೀಖಿನ ಹೆಸರಿಟ್ಟು, ಕೆಲಸ ಕೆಟ್ಟರೆ ಮೇಲ್ವಿಚಾರಕರಿಗೆ ಪತ್ರ ಕಳಿಸು ಎಂದು ಒಮ್ಮೆ ಬರೆದಿಟ್ಟರೆ ಸಾಕು, ಮುಂದೆ ಯಾರೂ ಹತ್ತಿರ ಕೂರಬೇಕಿಲ್ಲ. ಇಂಥ ಕೆಲಸದ ಸರಣಿಗೆ ವರ್ಕ್‌ಫ್ಲೋ ಎನ್ನುತ್ತಾರೆ. ಆದರೆ 'ಆ ದಿನದ ತಾರೀಖು', 'ಕೆಲಸ ಕೆಟ್ಟಿತೇ ಇಲ್ಲವೇ' ಎಂಬುವನ್ನು ಬರೆಯುವಾಗಲೇ ತುಂಬಲಾಗದು. ಅವುಗಳ ಜಾಗದಲ್ಲಿ ಒಂದು ಹೆಸರನ್ನಷ್ಟೇ ಬರೆಯುತ್ತೇವೆ; ಕೆಲಸ ನಡೆಯುವ ಗಳಿಗೆಯಲ್ಲಿ ಯಂತ್ರವೇ ಬೆಲೆ ತುಂಬಿಕೊಳ್ಳುತ್ತದೆ. ಇವೇ ಸಿಸ್ಟಂ ವೇರಿಯಬಲ್‌ಗಳು. ಕನ್ನಡದಲ್ಲಿ 'ವ್ಯವಸ್ಥಾ ಚರ' ಎನ್ನೋಣ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸತಾಗಬಾರದು. ಅನುನಾದ ಕೊಳವೆಯಲ್ಲಿ ಶಬ್ದದ ವೇಗ ಅಳೆಯುವಾಗ ಕೊಠಡಿಯ ತಾಪವನ್ನು ಬರೆದುಕೊಳ್ಳಿ ಎಂದು ಅಧ್ಯಾಪಕರು ಒತ್ತಾಯಿಸುವುದು ಸುಮ್ಮನೆ ಅಲ್ಲ. 15 ಡಿಗ್ರಿ ಸೆಲ್ಸಿಯಸ್‌ನ ಮಡಿಕೇರಿಯ ಮುಂಜಾನೆಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಬರುವ ಉತ್ತರ, 38 ಡಿಗ್ರಿಯ ಕಲಬುರಗಿಯ ಮಧ್ಯಾಹ್ನದಲ್ಲಿ ಸುಮಾರು 354 ಆಗುತ್ತದೆ. ಕೊಳವೆ ಅದೇ, ಶ್ರುತಿಕವೆ ಅದೇ, ಕ್ರಮವೂ ಅದೇ. ಪ್ರಯೋಗದ ವಿವರಣೆಯಲ್ಲಿ ಇಲ್ಲದ ಒಂದು ಅಂಶವನ್ನು ಪರಿಸರ ತಾನಾಗಿ ತುಂಬಿದೆ, ಅಷ್ಟೆ. ಕಂಪ್ಯೂಟರಿನಲ್ಲಿ ಈ ಖಾಲಿ ಜಾಗಗಳು ಹೇಗೆ ಬಂದವು, ಅವುಗಳನ್ನು ತುಂಬುವವರು ಯಾರು ಎಂಬ ಪ್ರಶ್ನೆಗೆ ಅರವತ್ತು ವರ್ಷಗಳ ಕುತೂಹಲಕರ ಚರಿತ್ರೆ ಇದೆ.

ರಂಧ್ರಪತ್ರಗಳ ಕಾಲ

ಐಬಿಎಂ ಸಂಸ್ಥೆ ತನ್ನ ಸಿಸ್ಟಂ/360 ಸರಣಿಯನ್ನು ಪ್ರಕಟಿಸಿದ್ದು 1964ರ ಏಪ್ರಿಲ್ 7ರಂದು. (ಈ ಸರಣಿಯ ಮಾದರಿ 44 ಯಂತ್ರವೊಂದು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಬಂದಿತ್ತು.) ಆಗ ಬಳಕೆದಾರರು ಯಂತ್ರದ ಮುಂದೆ ಕೂರುತ್ತಿರಲಿಲ್ಲ. ಎಂಬತ್ತು ಕಂಬಸಾಲುಗಳ ರಂಧ್ರಪತ್ರಗಳ ಕಟ್ಟೊಂದನ್ನು ಕಿಟಕಿಯಲ್ಲಿ ಕೊಟ್ಟು ಬಂದು, ಉತ್ತರಕ್ಕಾಗಿ ಮರುದಿನ ಹೋಗಬೇಕಿತ್ತು. ಕಟ್ಟಿನೊಳಗೆ ಲೆಕ್ಕದ ಪ್ರೋಗ್ರಾಂ ಜೊತೆಗೆ 'ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು' ಎಂದು ಯಂತ್ರಕ್ಕೆ ಹೇಳುವ ಪತ್ರಗಳೂ ಇರುತ್ತಿದ್ದವು. ಎರಡು ಓರೆಗೆರೆಗಳಿಂದ ಶುರುವಾಗುತ್ತಿದ್ದ ಈ ಪತ್ರಗಳ ಭಾಷೆಗೆ ಜಾಬ್ ಕಂಟ್ರೋಲ್ ಲ್ಯಾಂಗ್ವೇಜ್, ಚುಟುಕಾಗಿ ಜೆಸಿಎಲ್, ಎಂದು ಹೆಸರು.

ಮನುಷ್ಯ ಹತ್ತಿರವಿಲ್ಲದ ಮೇಲೆ, ಮೊದಲ ಹಂತ ಕೆಟ್ಟರೆ ಎರಡನೆಯದನ್ನು ನಡೆಸಬೇಕೋ ಬೇಡವೋ ಎಂದು ನಿರ್ಧರಿಸುವವರು ಯಾರು? ಇದಕ್ಕಾಗಿ ಪ್ರತಿ ಹಂತವೂ ಮುಗಿಯುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುವ ಏರ್ಪಾಟಾಯಿತು. ಸೊನ್ನೆ ಎಂದರೆ ಎಲ್ಲ ಸರಿ, 4 ಎಂದರೆ ಎಚ್ಚರಿಕೆ, 8 ಎಂದರೆ ದೋಷ, 12 ಮತ್ತು 16 ಇನ್ನೂ ಗಂಭೀರ. ಮುಂದಿನ ಹಂತದ ಪತ್ರದಲ್ಲಿ ಈ ಸಂಖ್ಯೆಯನ್ನು ಪರೀಕ್ಷಿಸುವ ಷರತ್ತು ಬರೆಯಬಹುದಿತ್ತು. ಬರೆಯುವವನಿಗೆ ಗೊತ್ತಿಲ್ಲದ, ಯಂತ್ರ ತಾನೇ ತುಂಬುವ ಬೆಲೆ ಇದು. ಆದರೆ ಷರತ್ತಿನ ಅರ್ಥ ಮಾತ್ರ ತಲೆಕೆಳಗು. ಅದು ನಿಜವಾದರೆ ಹಂತ ನಡೆಯುವುದಿಲ್ಲ, ಸುಳ್ಳಾದರೆ ನಡೆಯುತ್ತದೆ! 'ಹಿಂದಿನ ಸಂಖ್ಯೆ 4ಕ್ಕಿಂತ ಹೆಚ್ಚಾಗಿರದಿದ್ದರೆ ನಡೆಸು' ಎನ್ನಲು '4 ಅದಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡು' ಎಂದು ಬರೆಯಬೇಕಿತ್ತು. ಈ ಕಾರ್ಯಾಚರಣೆ ವ್ಯವಸ್ಥೆಯ ನಿರ್ಮಾಣದ ಮುಂದಾಳಾಗಿದ್ದ ಫ್ರೆಡ್ ಬ್ರೂಕ್ಸ್ ಅವರೇ ಮುಂದೆ ಜೆಸಿಎಲ್ ಭಾಷೆಯನ್ನು ಬಹಳ ಕಟುವಾಗಿ ಟೀಕಿಸಿದರು. ಆದರೂ 'ಸೊನ್ನೆ ಎಂದರೆ ಕ್ಷೇಮ' ಎಂಬ ರೂಢಿ ಇಂದಿಗೂ ಉಳಿದಿದೆ. ಅದರಲ್ಲಿ ತರ್ಕವೂ ಇದೆ. ಕೆಲಸ ಕೈಗೂಡಿದ್ದಕ್ಕೆ ಒಂದು ಸಂಖ್ಯೆ ಸಾಕು, ಕೆಡುವ ಬಗೆಗಳು ಹಲವು, ಅವಕ್ಕೆ ಹಲವು ಸಂಖ್ಯೆಗಳು ಬೇಕು.

ತಾಯಿಯಿಂದ ಮಗುವಿಗೆ

ಇದೇ ಕಾಲದಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಪ್ರಯೋಗ ನಡೆದಿತ್ತು. ಅಲ್ಲಿದ್ದ ಫ್ರೆಂಚ್ ತಜ್ಞ ಲೂಯಿ ಪೂಜಾನ್, ಪದೇಪದೇ ಕೊಡುವ ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟು ಒಟ್ಟಿಗೆ ನಡೆಸುವ 'ರನ್‌ಕಾಂ' ಎಂಬ ಸಾಧನ ಮಾಡಿದರು. ಬಳಕೆದಾರನಿಗೂ ಯಂತ್ರದ ತಿರುಳಿಗೂ ನಡುವೆ ನಿಂತು ಆಜ್ಞೆಗಳನ್ನು ಓದುವ ಪ್ರೋಗ್ರಾಂಗೆ 'ಶೆಲ್', ಅಂದರೆ ಚಿಪ್ಪು, ಎಂದು ಹೆಸರಿಟ್ಟವರೂ ಅವರೇ.

ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಆರಂಭಿಸಿದ ಯೂನಿಕ್ಸ್ ಈ ವಿಚಾರವನ್ನು ಮುಂದಕ್ಕೆ ಒಯ್ದಿತು. 1970ರ ದಶಕದ ನಡುವೆ ಅಲ್ಲಿಯ ಜಾನ್ ಮಾಶಿ ತಮ್ಮ ಶೆಲ್‌ನಲ್ಲಿ ಒಂದೊಂದೇ ಅಕ್ಷರದ ಹೆಸರುಳ್ಳ ಚರಗಳನ್ನು ತಂದರು. 1979ರಲ್ಲಿ ಹೊರಬಂದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಬರೆದ ಹೊಸ ಶೆಲ್ ಇತ್ತು. ನಮ್ಮ ಕಥೆಯ ಮುಖ್ಯ ತಿರುವು ಇದು. 'ಹೋಮ್' ಎಂದರೆ ಬಳಕೆದಾರನ ಸ್ವಂತ ಕಡತಕೋಶ. 'ಪಾಥ್' ಎಂದರೆ ಆಜ್ಞೆಯ ಹೆಸರು ಕೊಟ್ಟಾಗ ಅದನ್ನು ಯಾವ ಯಾವ ಕೋಶಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂಬ ಪಟ್ಟಿ. ಡಾಲರ್ ಚಿಹ್ನೆಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬರೆದರೆ ಹಿಂದಿನ ಆಜ್ಞೆ ಬಿಟ್ಟುಹೋದ ಸಂಖ್ಯೆ. ಎರಡು ಡಾಲರ್ ಚಿಹ್ನೆ ಬರೆದರೆ ಈ ಶೆಲ್‌ನ ಕ್ರಮಸಂಖ್ಯೆ.

ಮುಗಿತಾಯದ ಸಂಖ್ಯೆಗೆ ಯೂನಿಕ್ಸಿನಲ್ಲಿ ಸಿಕ್ಕಿದ್ದು ಒಂದೇ ಬೈಟ್. ಹಾಗಾಗಿ ಅದು 0ಯಿಂದ 255ರವರೆಗೆ ಮಾತ್ರ ಹೋಗಬಲ್ಲದು. ಕಂಡ ದೋಷಗಳ ಎಣಿಕೆಯನ್ನೇ ಮುಗಿತಾಯದ ಸಂಖ್ಯೆಯಾಗಿ ಕೊಡುವ ಪ್ರೋಗ್ರಾಂ ಒಂದನ್ನು ಊಹಿಸಿ. 255 ದೋಷಗಳಿದ್ದಾಗ ಕೆಲಸ ಕೆಟ್ಟಿದೆ ಎನ್ನುತ್ತದೆ. 256 ದೋಷಗಳಾದರೆ? ದೂರಮಾಪಿಯ ಅಂಕಿಗಳು ಸುತ್ತು ಹೊಡೆದು ಸೊನ್ನೆಗೆ ಬಂದಂತೆ, ಎಲ್ಲವೂ ಕ್ಷೇಮ! ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು.

ಏಳನೆಯ ಆವೃತ್ತಿಯ ಇನ್ನೊಂದು ಕೊಡುಗೆ 'ಪರಿಸರ'. ಒಂದು ಪ್ರಕ್ರಿಯೆ ಇನ್ನೊಂದನ್ನು ಹುಟ್ಟಿಸುವಾಗ ತನ್ನ ಚರಗಳ ಒಂದು ಪ್ರತಿಯನ್ನು ಅದಕ್ಕೆ ಕೊಡುತ್ತದೆ. ಯೂನಿಕ್ಸ್ ಬಲ್ಲವರು ಇವನ್ನು ತಾಯಿ ಪ್ರಕ್ರಿಯೆ, ಮಗು ಪ್ರಕ್ರಿಯೆ ಎನ್ನುತ್ತಾರೆ. ಮಗು ತನ್ನ ಪ್ರತಿಯನ್ನು ಹೇಗೆ ಬೇಕಾದರೂ ತಿದ್ದಿಕೊಳ್ಳಬಹುದು, ತಾಯಿಯದು ಬದಲಾಗದು. ತಾಯಿ ಮಾತ್ರ ತನ್ನ ಜೀವಿತದಲ್ಲಿ ಗಳಿಸಿದ್ದನ್ನೆಲ್ಲ ಮುಂದೆ ಹುಟ್ಟುವ ಮಗುವಿಗೆ ದಾಟಿಸಬಲ್ಲಳು. (ಜೀವಶಾಸ್ತ್ರದ ಅಧ್ಯಾಪಕರು ಕ್ಷಮಿಸಬೇಕು, ಯೂನಿಕ್ಸಿನಲ್ಲಿ ಗೆದ್ದವನು ಲಾಮಾರ್ಕ್!)

ಈ ಆನುವಂಶಿಕತೆ ಗೊತ್ತಿಲ್ಲದವರು ಒಂದಲ್ಲ ಒಂದು ದಿನ ತಲೆ ಕೆರೆದುಕೊಳ್ಳುತ್ತಾರೆ. ಆಜ್ಞೆಗಳ ಕಡತವನ್ನು ಹಗಲು ತಾವೇ ನಡೆಸಿ ನೋಡುತ್ತಾರೆ, ಚೆನ್ನಾಗಿ ನಡೆಯುತ್ತದೆ. ಅದನ್ನೇ ನಿಗದಿತ ವೇಳೆಗೆ ಕೆಲಸ ಆರಂಭಿಸುವ 'ಕ್ರಾನ್' ಎಂಬ ಪ್ರೋಗ್ರಾಂಗೆ ಒಪ್ಪಿಸಿ ಮಲಗಿದರೆ ರಾತ್ರಿ ಕೆಟ್ಟು ನಿಂತಿರುತ್ತದೆ. ಕಾರಣವೇನು? ಹಗಲು ಅದರ ತಾಯಿ ನಿಮ್ಮ ಶೆಲ್; ನೀವು ಬೆಳೆಸಿದ ಉದ್ದನೆಯ ಹುಡುಕುಪಟ್ಟಿ ಅದಕ್ಕೆ ದೊರೆತಿತ್ತು. ರಾತ್ರಿ ಅದರ ತಾಯಿ ಕ್ರಾನ್. ಅದರ ಪಟ್ಟಿಯಲ್ಲಿ ಇರುವುದು ಸಾಮಾನ್ಯವಾಗಿ ಒಂದೆರಡು ಕೋಶಗಳ ಹೆಸರು ಮಾತ್ರ. ಕಡತದಲ್ಲಿ ಒಂದಕ್ಷರ ಬದಲಾಗದಿದ್ದರೂ ಫಲಿತಾಂಶ ಬದಲಾಯಿತು. ಅನುನಾದ ಕೊಳವೆಯನ್ನು ನೆನೆಯಿರಿ.

ಹಾಳಾದ ಒಂದು ಬೆಳಗು

ವರ್ಕ್‌ಫ್ಲೋ ತಂತ್ರಾಂಶಗಳ ಹಿರಿಯಜ್ಜ ಎಂದು ಯಾವುದನ್ನಾದರೂ ಕರೆಯುವುದಾದರೆ ಅದು 'ಮೇಕ್'. ಇದನ್ನು 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟೂಅರ್ಟ್ ಫೆಲ್ಡ್‌ಮನ್ ಬರೆದರು. ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ದಿನ ಬೈದುಕೊಳ್ಳುತ್ತ ಅವರ ಕೊಠಡಿಗೆ ನುಗ್ಗಿದರಂತೆ. ಸರಿಯಾಗಿಯೇ ಇದ್ದ ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತ ಇಡೀ ಬೆಳಗನ್ನು ಕಳೆದಿದ್ದರು. ತಪ್ಪನ್ನು ತಿದ್ದಿ ಆಗಿತ್ತು, ತಿದ್ದಿದ ಕಡತವನ್ನು ಯಂತ್ರಭಾಷೆಗೆ ಮತ್ತೆ ಪರಿವರ್ತಿಸುವುದು ಮರೆತುಹೋಗಿತ್ತು.

ಫೆಲ್ಡ್‌ಮನ್ ಕಂಡುಕೊಂಡ ಉಪಾಯ ಸರಳ. ಪ್ರತಿ ಕಡತವನ್ನು ಕೊನೆಯ ಬಾರಿ ತಿದ್ದಿದ ವೇಳೆ ಯಂತ್ರಕ್ಕೆ ಗೊತ್ತೇ ಇದೆ. ಮೂಲ ಕಡತದ ವೇಳೆ ಅದರಿಂದ ಹುಟ್ಟಿದ ಕಡತದ ವೇಳೆಗಿಂತ ಈಚಿನದಾದರೆ ಪರಿವರ್ತನೆ ಮತ್ತೆ ಆಗಬೇಕು, ಇಲ್ಲವಾದರೆ ಬೇಡ. ಯಾವ ಕಡತ ತಯಾರಾಗಬೇಕು, ಯಾವುದರಿಂದ ತಯಾರಾಗಬೇಕು ಎಂಬುದನ್ನು ಪ್ರತಿ ಹಂತದಲ್ಲಿಯೂ ಮೇಕ್ ತಾನೇ ತುಂಬುತ್ತದೆ. ಬಳಕೆದಾರ ಒಂದೇ ಸಾಮಾನ್ಯ ಸೂತ್ರ ಬರೆದು ಸಾವಿರ ಕಡತಗಳಿಗೆ ಅನ್ವಯಿಸಬಹುದು. ಈ ಕೃತಿಗಾಗಿ ಅವರಿಗೆ 2003ರಲ್ಲಿ ಎಸಿಎಂ ಸಂಸ್ಥೆಯ ತಂತ್ರಾಂಶ ಪ್ರಶಸ್ತಿ ಬಂತು. ಈಗ ದತ್ತಾಂಶ ಸಂಸ್ಕರಣೆಗೆ ಬಳಸುವ ಎಷ್ಟೋ ದೊಡ್ಡ ವ್ಯವಸ್ಥೆಗಳ ಬೆನ್ನೆಲುಬು ಇದೇ ಉಪಾಯ. ಯಂತ್ರದ ಗಡಿಯಾರ ಸರಿಯಿರಬೇಕು ಎಂಬುದೊಂದೇ ಷರತ್ತು.

'ಈಗ' ಎಂದರೆ ಯಾವಾಗ?

ಗಡಿಯಾರದ ಮಾತು ಬಂದಾಗ ಭೌತಶಾಸ್ತ್ರದವರು ಸ್ವಲ್ಪ ಹೊತ್ತು ನಿಲ್ಲಬೇಕು. ವ್ಯವಸ್ಥಾ ಚರಗಳಲ್ಲಿ ಹೆಚ್ಚು ಬಳಕೆಯಾಗುವುದೂ ಹೆಚ್ಚು ಮೋಸ ಮಾಡುವುದೂ ದಿನಾಂಕವೇ.

ಯೂನಿಕ್ಸ್ ವ್ಯವಸ್ಥೆಗಳಲ್ಲಿ ಸ್ಥಳೀಯ ವೇಳೆಯನ್ನು ತಿಳಿಸುವ 'ಟಿಝಡ್' ಎಂಬ ಚರವಿದೆ. ಭಾರತದ ವೇಳೆ ಗ್ರೀನಿಚ್ ವೇಳೆಗಿಂತ ಐದೂವರೆ ಗಂಟೆ ಮುಂದು ಎಂದು ಐದನೆಯ ತರಗತಿಯ ಮಗುವೂ ಹೇಳೀತು. ಆದರೆ ಈ ಚರಕ್ಕೆ ಹಳೆಯ ಕ್ರಮದಲ್ಲಿ ಕೊಡಬೇಕಾದ ಬೆಲೆ 'ಐಎಸ್‌ಟಿ-5:30'. ಋಣ ಚಿಹ್ನೆ! ಸ್ಥಳೀಯ ವೇಳೆಗೆ ಎಷ್ಟು ಕೂಡಿಸಿದರೆ ಗ್ರೀನಿಚ್ ವೇಳೆ ಬರುತ್ತದೆ ಎಂದು ಅಲ್ಲಿ ಲೆಕ್ಕ. ಮಸೂರಗಳ ಪಾಠದಲ್ಲಿ ಚಿಹ್ನೆಗಳ ಸಂಪ್ರದಾಯ ಕಲಿಸಿ ಸೋತ ಅಧ್ಯಾಪಕರಿಗೆ ಇದರ ಸಂಕಟ ವಿವರಿಸಬೇಕಿಲ್ಲ. ಈಗ ಬಳಕೆಯಲ್ಲಿರುವ ಹೊಸ ಕ್ರಮದಲ್ಲಿ ಖಂಡ ಮತ್ತು ಊರಿನ ಹೆಸರು ಬರೆದರೆ ಸಾಕು. ಇಡೀ ಭಾರತಕ್ಕೆ ಆರಿಸಿದ ಊರು ಕಲ್ಕತ್ತಾ. 2008ರಲ್ಲಿ ಅದನ್ನು ಕೋಲ್ಕತಾ ಎಂದು ತಿದ್ದಿದರು. ಧಾರವಾಡದಲ್ಲಿ ಕುಳಿತವರೂ ತಮ್ಮ ಯಂತ್ರದಲ್ಲಿ ಕೋಲ್ಕತಾ ಎಂದೇ ಆರಿಸಬೇಕು.

ವಿಂಡೋಸ್ 2000 ಬಂದಮೇಲೆ ಅದರ ಆಜ್ಞಾ ಕಡತಗಳಲ್ಲಿ ಶೇಕಡಾ ಚಿಹ್ನೆಗಳ ನಡುವೆ 'ಡೇಟ್' ಎಂದು ಬರೆದರೆ ಆ ದಿನದ ತಾರೀಖು ಸಿಗುವಂತಾಯಿತು. ಎಷ್ಟೋ ಜನ ಇದನ್ನು ಪ್ರತಿ ಕಡತಗಳಿಗೆ ಹೆಸರಿಡಲು ಬಳಸಿದರು. ಆದರೆ ತಾರೀಖಿನ ರೂಪ ಯಂತ್ರದ ಪ್ರಾದೇಶಿಕ ಆಯ್ಕೆಯನ್ನು ಅವಲಂಬಿಸುತ್ತದೆ. 2006ರ ಜುಲೈ 4ನ್ನು ಭಾರತದ ಆಯ್ಕೆಯಲ್ಲಿ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಕಿರುಗೆರೆಗಳೊಂದಿಗೆ ತೋರಿಸುವ ಯಂತ್ರ, ಅಮೆರಿಕದ ಆಯ್ಕೆಯಲ್ಲಿ ಮೊದಲು ಮಂಗಳವಾರ ಎಂದು ಬರೆದು, ಆಮೇಲೆ ತಿಂಗಳು, ದಿನ, ವರ್ಷವನ್ನು ಓರೆಗೆರೆಗಳೊಂದಿಗೆ ತೋರಿಸುತ್ತದೆ. ಕಡತದ ಹೆಸರಿನಲ್ಲಿ ಓರೆಗೆರೆ ಬರುವಂತೆಯೇ ಇಲ್ಲ. ಹೀಗಾಗಿ ಇಲ್ಲಿ ನಡೆಯುವ ಸರಣಿ ಅಲ್ಲಿ ನಿಲ್ಲುತ್ತದೆ. ನಿಂತರೆ ವಾಸಿ, ಗೊತ್ತಾಗುತ್ತದೆ. ಏಪ್ರಿಲ್ 7 ಮತ್ತು ಜುಲೈ 4 ಅದಲುಬದಲಾದರೆ ಗೊತ್ತೇ ಆಗುವುದಿಲ್ಲ. ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ವಿಧಿಸುವ ಐಎಸ್ಒ 8601 ಎಂಬ ಮಾನಕ 1988ರಿಂದಲೂ ಇದೆ. ಅದರಲ್ಲಿ ಹೆಸರಿಟ್ಟ ಕಡತಗಳು ಅಕ್ಷರಕ್ರಮದಲ್ಲಿ ಜೋಡಿಸಿದರೂ ಕಾಲಕ್ರಮದಲ್ಲಿಯೇ ನಿಲ್ಲುತ್ತವೆ ಎಂಬುದೊಂದು ಲಾಭ.

2000ದ ಜನವರಿ 1ರಂದು ಕೆಲವು ಜಾಲತಾಣಗಳು ವರ್ಷವನ್ನು '19100' ಎಂದು ತೋರಿಸಿದವು. ಅಮೆರಿಕಕ್ಕೆ ವೇಳೆ ಹೇಳುವ ನೌಕಾ ವೀಕ್ಷಣಾಲಯದ ತಾಣವೂ ಅವುಗಳಲ್ಲಿ ಒಂದು. ಯಂತ್ರ ಕೊಟ್ಟದ್ದು '1900ರಿಂದ ಎಷ್ಟು ವರ್ಷ' ಎಂಬ ಸಂಖ್ಯೆ, ಅಂದರೆ 100. ಅದನ್ನು ವರ್ಷದ ಕೊನೆಯ ಎರಡಂಕಿ ಎಂದು ತಿಳಿದು ಹಿಂದೆ 19 ಅಂಟಿಸಿದರೆ ಬೇರೇನು ಬರಲು ಸಾಧ್ಯ?

ಇನ್ನೂ ಸೂಕ್ಷ್ಮವಾದ ಪ್ರಶ್ನೆ ಈಚಿನದು. 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯೊಳಗೆ ಆರಂಭವಾಗಿ, ಈಗ ಅಪಾಚೆ ಪ್ರತಿಷ್ಠಾನದಲ್ಲಿರುವ 'ಏರ್‌ಫ್ಲೋ' ಎಂಬ ವರ್ಕ್‌ಫ್ಲೋ ತಂತ್ರಾಂಶವನ್ನು ತೆಗೆದುಕೊಳ್ಳಿ. ದಿನವೂ ಹಿಂದಿನ ದಿನದ ದತ್ತಾಂಶವನ್ನು ಸಂಸ್ಕರಿಸುವ ಸರಣಿ ಅದರಲ್ಲಿದೆ ಎನ್ನೋಣ. ಮಾರ್ಚ್ 1ರ ದತ್ತಾಂಶ ಪೂರ್ಣವಾಗುವುದು ಆ ದಿನ ಮುಗಿದಮೇಲೆ. ಕೆಲಸ ನಡೆಯುವುದು ಮಾರ್ಚ್ 2ರಂದು. ಹಾಗಾದರೆ ಕೆಲಸದ ದಿನಾಂಕ ಯಾವುದು? ಏರ್‌ಫ್ಲೋ ತುಂಬುತ್ತಿದ್ದುದು ಮಾರ್ಚ್ 1 ಎಂದು, ಆದರೆ ಆ ಚರದ ಹೆಸರು 'ಕಾರ್ಯನಿರ್ವಹಣೆಯ ದಿನಾಂಕ' ಎಂಬ ಅರ್ಥದ್ದು. ಹೊಸಬರೆಲ್ಲ ಇಲ್ಲಿ ಎಡವಿದರು. ಕೊನೆಗೆ 2021ರಲ್ಲಿ ಅದನ್ನು 'ತಾರ್ಕಿಕ ದಿನಾಂಕ' ಎಂದು ಬದಲಾಯಿಸಿ, ದತ್ತಾಂಶದ ಅವಧಿಯ ಆರಂಭ ಮತ್ತು ಅಂತ್ಯಕ್ಕೆ ಬೇರೆಬೇರೆ ಚರಗಳನ್ನು ಕೊಟ್ಟರು. ನಮ್ಮ ಹವಾಮಾನ ಇಲಾಖೆಯ ಮಳೆ ಲೆಕ್ಕ ಇದಕ್ಕೆ ವಿರುದ್ಧ. ಬೆಳಗ್ಗೆ 8.30ಕ್ಕೆ ಮಳೆಮಾಪಕ ನೋಡಿ, ಹಿಂದಿನ 24 ಗಂಟೆಗಳ ಮಳೆಯನ್ನು ನೋಡಿದ ದಿನದ ಹೆಸರಿನಲ್ಲಿ ಬರೆಯುತ್ತಾರೆ. ಎರಡೂ ಕ್ರಮಗಳು ಸರಿ. ಎರಡು ಕಡೆಯ ದತ್ತಾಂಶವನ್ನು ಬೆರೆಸುವವರು ಮಾತ್ರ ಎಚ್ಚರ ತಪ್ಪಬಾರದು.

ಕೆಲಸಕ್ಕೆ ತನ್ನದೇ ಆದ ದಿನಾಂಕವನ್ನು ಕೊಡುವ ಈ ಏರ್ಪಾಟು ನನ್ನ ದೃಷ್ಟಿಯಲ್ಲಿ ದೊಡ್ಡ ಮುನ್ನಡೆ. ಕಳೆದ ವರ್ಷದ ಒಂದು ದಿನದ ಲೆಕ್ಕ ತಪ್ಪಿದೆ ಎಂದು ಇಂದು ಅದನ್ನು ಮತ್ತೆ ನಡೆಸುವಾಗ, 'ಇಂದು' ಎಂದರೆ ಆ ಹಳೆಯ ದಿನವೇ ಆಗಬೇಕು. ಗೋಡೆಯ ಗಡಿಯಾರವನ್ನು ನೇರವಾಗಿ ಓದುವ ಸರಣಿಯಲ್ಲಿ ಇದು ಸಾಧ್ಯವಿಲ್ಲ.

ತುಂಬುವವರು ಯಾರು?

ಬೋರ್ನ್ ಅವರ ಶೆಲ್‌ಗೆ ಬದಲಾಗಿ ಎಲ್ಲರಿಗೂ ಮುಕ್ತವಾಗಿ ದೊರೆಯುವ 'ಬ್ಯಾಶ್' ಎಂಬ ಶೆಲ್ಲನ್ನು ಬ್ರಯಾನ್ ಫಾಕ್ಸ್ 1989ರಲ್ಲಿ ಹೊರತಂದರು. ಆಜ್ಞೆಗಳ ಒಂದು ಗುಂಪಿಗೆ ಹೆಸರಿಟ್ಟು, ಅದನ್ನು ಪರಿಸರ ಚರದ ಮೂಲಕ ಮಗು ಪ್ರಕ್ರಿಯೆಗೆ ದಾಟಿಸುವ ಅನುಕೂಲ ಅದರಲ್ಲಿ ಸೇರಿತು. ಚರದ ಬೆಲೆ ನಿರ್ದಿಷ್ಟ ಚಿಹ್ನೆಗಳಿಂದ ಆರಂಭವಾದರೆ ಬ್ಯಾಶ್ ಅದನ್ನು ಆಜ್ಞೆಗಳ ಗುಂಪು ಎಂದು ಓದಿಕೊಳ್ಳುತ್ತಿತ್ತು. ಒಂದೇ ದೋಷ, ಗುಂಪು ಮುಗಿದ ಬಳಿಕವೂ ಏನಾದರೂ ಬರೆದಿದ್ದರೆ ಅದನ್ನು ಅಲ್ಲೇ ನಡೆಸಿಬಿಡುತ್ತಿತ್ತು. ಆಗ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಪರಿಸರವನ್ನು ತುಂಬುವುದು ತಾಯಿ, ತಾಯಿ ಎಂದರೆ ನೀವೇ. ನಿಮ್ಮ ಮೇಲೆ ನಿಮಗೇಕೆ ಸಂಶಯ?

ಅದೇ 1989ರ ಮಾರ್ಚ್‌ನಲ್ಲಿ ಸರ್ನ್ ಪ್ರಯೋಗಾಲಯದ ಟಿಮ್ ಬರ್ನರ್ಸ್-ಲೀ ವಿಶ್ವವ್ಯಾಪಿ ಜಾಲದ ಪ್ರಸ್ತಾವವನ್ನು ಬರೆದಿದ್ದರು. 1993ರಲ್ಲಿ ಜಾಲಪುಟಗಳನ್ನು ಆಗಿಂದಾಗ ತಯಾರಿಸಲು ಸಿಜಿಐ ಎಂಬ ಕ್ರಮ ಬಂತು. ಅದರಲ್ಲಿ ಪುಟ ಕೇಳಿದವನ ಬ್ರೌಸರು ತನ್ನ ಬಗ್ಗೆ ಹೇಳಿಕೊಂಡ ವಿವರಗಳನ್ನು ಸರ್ವರ್ ಪರಿಸರ ಚರಗಳಲ್ಲಿ ತುಂಬಿ ಪ್ರೋಗ್ರಾಂ ಒಂದನ್ನು ಆರಂಭಿಸುತ್ತದೆ. ಆ ಪ್ರೋಗ್ರಾಂ ಎಷ್ಟೋ ಕಡೆ ಬ್ಯಾಶ್ ಮೂಲಕವೇ ನಡೆಯುತ್ತಿತ್ತು. ಎರಡನ್ನೂ ಜೋಡಿಸಿ ನೋಡಿ. ತಾಯಿ ಮಾತ್ರ ತುಂಬುತ್ತಿದ್ದ ಖಾಲಿ ಜಾಗವನ್ನು ಈಗ ಭೂಮಿಯ ಯಾವುದೋ ಮೂಲೆಯ ಅಪರಿಚಿತನೂ ತುಂಬಬಹುದು. ಬ್ರೌಸರಿನ ಹೆಸರು ಕೇಳಿದಲ್ಲಿ ಆತ ಒಂದು ಆಜ್ಞೆ ಬರೆದರೆ ಸರ್ವರ್ ಅದನ್ನು ಪಾಲಿಸುತ್ತದೆ!

ಸ್ಟೆಫಾನ್ ಶಾಜ್‌ಲಾ ಎಂಬ ತಜ್ಞ ಇದನ್ನು ಗುರುತಿಸಿ ಬ್ಯಾಶ್‌ನ ಪೋಷಕ ಚೆಟ್ ರೇಮಿ ಅವರಿಗೆ ತಿಳಿಸಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳ 24ರಂದು ಸುದ್ದಿ ಬಹಿರಂಗವಾಯಿತು. 'ಶೆಲ್‌ಶಾಕ್' ಎಂದು ಹೆಸರಾದ ಈ ದೋಷ ಸುಮಾರು 25 ವರ್ಷ ಎಲ್ಲರ ಕಣ್ಣೆದುರಿಗೇ ಇತ್ತು. ಮೂಲಪಠ್ಯ ಮುಕ್ತವಾಗಿತ್ತು, ಯಾರು ಬೇಕಾದರೂ ಓದಬಹುದಿತ್ತು. ಬ್ಯಾಶ್ ಬರೆದವರನ್ನು ಇದಕ್ಕಾಗಿ ಹಳಿಯುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಅವರು ಬರೆದಾಗ ಆ ಜಾಗವನ್ನು ತುಂಬುವವರು ಬೇರೆ ಇದ್ದರು.

ಇನ್ನೊಂದು ಘಟನೆ ಇದರ ಕನ್ನಡಿ ಪ್ರತಿಬಿಂಬದಂತಿದೆ. ಗುಪ್ತಪದಗಳನ್ನು ಪ್ರೋಗ್ರಾಂ ಒಳಗೆ ಬರೆಯಬೇಡಿ, ಪರಿಸರ ಚರಗಳಲ್ಲಿಡಿ ಎಂಬ ಸಲಹೆ 2011ರಿಂದ ಬಹಳ ಹಬ್ಬಿತು, ಸಲಹೆ ಒಳ್ಳೆಯದೇ. ಆದರೆ ಪರಿಸರ ಎಲ್ಲ ಮಕ್ಕಳಿಗೂ ದಾಟುತ್ತದೆ, ಹೊರಗಿನಿಂದ ತಂದ ಮಗುವಿಗೂ. ಪ್ರೋಗ್ರಾಂಗಳ ಪರೀಕ್ಷೆ ಎಷ್ಟು ವ್ಯಾಪಕವಾಗಿದೆ ಎಂದು ಅಳೆಯುವ ಕೋಡ್‌ಕವ್ ಕಂಪನಿಯ ಕಡತವೊಂದನ್ನು ಕಳ್ಳರು 2021ರ ಜನವರಿಯ ಕೊನೆಯಲ್ಲಿ ತಿದ್ದಿದರು. ಅದನ್ನು ತಮ್ಮ ಸರಣಿಯಲ್ಲಿ ಬಳಸುತ್ತಿದ್ದವರ ಪರಿಸರ ಚರಗಳೆಲ್ಲ ಕಳ್ಳರ ಯಂತ್ರಕ್ಕೆ ರವಾನೆಯಾಗತೊಡಗಿದವು. ಪತ್ತೆಯಾದದ್ದು ಏಪ್ರಿಲ್ 1ರಂದು. ಕಡತದ ಪರೀಕ್ಷಾ ಮೊತ್ತ ಪ್ರಕಟಿತ ಮೊತ್ತಕ್ಕೆ ಹೊಂದದಿರುವುದನ್ನು ಗ್ರಾಹಕರೊಬ್ಬರು ಗಮನಿಸಿದ್ದರಿಂದ.

173.2 ಅಥವಾ 172.4?

ಇಲ್ಲಿಯವರೆಗಿನ ಕಥೆಗಳು ತಂತ್ರಜ್ಞರಿಗೆ ಸೇರಿದವು ಎನ್ನಿಸಿದರೆ, ವಿಜ್ಞಾನದ ವಿದ್ಯಾರ್ಥಿಗಳಿಗೆ ನೇರವಾಗಿ ತಟ್ಟುವ ಘಟನೆ ಇನ್ನೊಂದಿದೆ.

ಒಂದು ಅಣುವಿನ ರಚನೆಯನ್ನು ಖಚಿತಪಡಿಸಲು ಅದರ ಕಾಂತೀಯ ಅನುನಾದ ರೋಹಿತವನ್ನು ಗಣನೆಯಿಂದ ಪಡೆದು, ಪ್ರಯೋಗದ ರೋಹಿತದೊಂದಿಗೆ ಹೋಲಿಸುತ್ತಾರೆ. ಈ ಗಣನೆಯಲ್ಲಿ ಹತ್ತಾರು ಕಡತಗಳು ಹುಟ್ಟುತ್ತವೆ. ಅವುಗಳನ್ನು ಜೋಡಿಮಾಡಿ ಸರಾಸರಿ ತೆಗೆಯುವ ಬೇಸರದ ಕೆಲಸಕ್ಕಾಗಿ ಮಿನೆಸೋಟ ವಿಶ್ವವಿದ್ಯಾಲಯದ ವಿಲೋಬಿ, ಹಾಯ್ ಮೊದಲಾದವರು ಪೈಥಾನ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂಗಳನ್ನು ಬರೆದು 2014ರಲ್ಲಿ ಪ್ರಕಟಿಸಿದರು. ಬಹಳ ಜನ ಅವನ್ನು ಬಳಸಿದರು.

2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಫಿಲಿಪ್ ವಿಲಿಯಮ್ಸ್ ಅವರ ತಂಡ ಒಂದು ವಿಚಿತ್ರವನ್ನು ವರದಿ ಮಾಡಿತು. ಮೂಲ ಲೇಖಕರೇ ಕೊಟ್ಟಿದ್ದ ಮಾದರಿ ದತ್ತಾಂಶವನ್ನು ವಿಂಡೋಸ್ 10ರಲ್ಲಿ ನಡೆಸಿದರೆ ಉತ್ತರ 173.2, ಉಬುಂಟು 16ರಲ್ಲಿ 172.4, ಆಪಲ್‌ನ ಮೊಹಾವಿಯಲ್ಲಿ 172.7. ದತ್ತಾಂಶ ಒಂದೇ, ಪ್ರೋಗ್ರಾಂ ಒಂದೇ. ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ಸಾಲು. 'ಈ ಕೋಶದಲ್ಲಿರುವ ಕಡತಗಳ ಪಟ್ಟಿ ಕೊಡು' ಎಂದು ಪ್ರೋಗ್ರಾಂ ವ್ಯವಸ್ಥೆಯನ್ನು ಕೇಳುತ್ತಿತ್ತು. ವ್ಯವಸ್ಥೆ ಪಟ್ಟಿಯನ್ನೇನೋ ಕೊಡುತ್ತದೆ, ಆದರೆ ಅಕ್ಷರಕ್ರಮದಲ್ಲಿ ಕೊಡುತ್ತೇನೆಂದು ಎಂದೂ ಮಾತು ಕೊಟ್ಟಿಲ್ಲ. ಕೆಲವು ವ್ಯವಸ್ಥೆಗಳಲ್ಲಿ ಅದು ಕ್ರಮವಾಗಿ ಬರುತ್ತದೆ, ಕೆಲವುಗಳಲ್ಲಿ ಡಿಸ್ಕಿನ ಮೇಲೆ ಹೇಗಿದೆಯೋ ಹಾಗೆ. ಕ್ರಮ ತಪ್ಪಿದಾಗ ಒಂದು ಕಡತ ಬೇರೊಂದರ ಜೋಡಿಯೊಂದಿಗೆ ಸೇರಿಹೋಗಿ ಸರಾಸರಿ ಕೆಟ್ಟಿತ್ತು.

ಪ್ರೋಗ್ರಾಂ ಎಲ್ಲಿಯೂ ನಿಲ್ಲಲಿಲ್ಲ. ಮುಗಿತಾಯದ ಸಂಖ್ಯೆ ಸೊನ್ನೆಯೇ. ಉತ್ತರವೂ ನಂಬುವಂತಿತ್ತು, 172.4ರ ಬದಲು 5000 ಬಂದಿದ್ದರೆ ಯಾರಾದರೂ ಹುಬ್ಬೇರಿಸುತ್ತಿದ್ದರು. ಪಟ್ಟಿಯನ್ನು ಅಕ್ಷರಕ್ರಮದಲ್ಲಿ ಜೋಡಿಸು ಎಂದು ಒಂದು ಮಾತು ಸೇರಿಸಿದರೆ ಪರಿಹಾರ ಮುಗಿಯಿತು. ಆದರೆ ಆ ಐದು ವರ್ಷಗಳಲ್ಲಿ ಈ ಪ್ರೋಗ್ರಾಂ ಬಳಸಿದ ಪ್ರಬಂಧಗಳನ್ನು ಅವುಗಳ ಲೇಖಕರು ಒಂದೊಂದಾಗಿ ಮತ್ತೆ ನೋಡಬೇಕಾಯಿತು. ಯಾವ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಗಣನೆ ನಡೆಸಿದೆವು ಎಂದು ಪ್ರಬಂಧದಲ್ಲಿ ಬರೆಯುವ ರೂಢಿ ಇರಲಿಲ್ಲ. ಕೊಠಡಿಯ ತಾಪ ಬರೆಯುವ ನಾವು ಇದನ್ನೇಕೆ ಬರೆಯುವುದಿಲ್ಲ?

ಕೆಲವರು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಸ್ವಯಂಸೇವಕರು, ಒಂದೇ ಮೂಲಪಠ್ಯದಿಂದ ಯಾರು ಯಾವಾಗ ತಯಾರಿಸಿದರೂ ಒಂದು ಬಿಟ್ ಕೂಡ ವ್ಯತ್ಯಾಸವಾಗದ ತಂತ್ರಾಂಶ ಬರಬೇಕೆಂದು ಹೊರಟರು. ದೊಡ್ಡ ಅಡ್ಡಿಗಳಲ್ಲಿ ಒಂದು, ತಯಾರಾದ ವೇಳೆಯನ್ನು ಕಡತದೊಳಗೆ ಬರೆದಿಡುವ ಅಭ್ಯಾಸ. ಅದಕ್ಕಾಗಿ 2015ರಲ್ಲಿ ಅವರು ಒಂದು ಹೊಸ ಪರಿಸರ ಚರವನ್ನು ರೂಪಿಸಿದರು. ಅದರಲ್ಲಿ ಬೆಲೆ ಇದ್ದರೆ ತಂತ್ರಾಂಶಗಳು ಯಂತ್ರದ ಗಡಿಯಾರವನ್ನು ನೋಡದೆ ಅದನ್ನೇ 'ಈಗ' ಎಂದು ಭಾವಿಸಬೇಕು. ಬೆಲೆಯನ್ನು ಕೊಡುವುದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ.

ಸೆಕೆಂಡುಗಳ ಈ ಎಣಿಕೆಯನ್ನು ಹಳೆಯ ವ್ಯವಸ್ಥೆಗಳು 32 ಬಿಟ್‌ಗಳಲ್ಲಿ ಇಡುತ್ತವೆ. ಒಂದು ಬಿಟ್ ಚಿಹ್ನೆಗೆ ಹೋದರೆ ಅತಿ ದೊಡ್ಡ ಸಂಖ್ಯೆ 2,14,74,83,647. ಅಷ್ಟು ಸೆಕೆಂಡುಗಳು ತುಂಬುವುದು 2038ರ ಜನವರಿ 19ರಂದು, ಭಾರತೀಯ ವೇಳೆ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿನಲ್ಲಿ ಅಂಥ ಗಡಿಯಾರ 1901ಕ್ಕೆ ಹಾರುತ್ತದೆ. 64 ಬಿಟ್‌ಗಳಿಗೆ ಬದಲಾಗುವ ಕೆಲಸ ಬಹುಪಾಲು ನಡೆದಿದೆ. ಗೋಡೆಯೊಳಗೆ, ಯಂತ್ರದೊಳಗೆ ಹುದುಗಿರುವ ಹಳೆಯ ಸಾಧನಗಳ ಮಾತು ಬೇರೆ.

ನಿಮ್ಮ ಶಾಲೆ ಅಥವಾ ಕಾಲೇಜಿನ ಪ್ರಯೋಗಾಲಯದಲ್ಲಿ ಲಿನಕ್ಸ್ ಯಂತ್ರವಿದ್ದರೆ ಒಂದು ಸಣ್ಣ ಚಟುವಟಿಕೆ ಮಾಡಿ. ಆಜ್ಞಾ ಕಿಟಕಿಯಲ್ಲಿ 'ಎನ್ವ್' ಎಂಬ ಮೂರಕ್ಷರದ ಇಂಗ್ಲಿಷ್ ಆಜ್ಞೆ ಕೊಡಿ. ವಿಂಡೋಸ್ ಆದರೆ 'ಸೆಟ್'. ಪರದೆ ತುಂಬ ಚರಗಳೂ ಅವುಗಳ ಬೆಲೆಗಳೂ ಬರುತ್ತವೆ. ವಿದ್ಯಾರ್ಥಿಗಳು ಅವನ್ನು ಕಾಗದದ ಮೇಲೆ ಮೂರು ಗುಂಪು ಮಾಡಲಿ: ನಾವು ತುಂಬಿದ್ದು, ಯಂತ್ರ ತುಂಬಿದ್ದು, ಬೇರೆ ಯಾವುದೋ ತಂತ್ರಾಂಶ ಬಂದು ತುಂಬಿದ್ದು. ಪಕ್ಕದ ಯಂತ್ರದ ಪಟ್ಟಿಯೊಂದಿಗೆ ಹೋಲಿಸಿ ನೋಡಲಿ. ಮೂರನೆಯ ಗುಂಪು ಸಾಮಾನ್ಯವಾಗಿ ನಾವು ಎಣಿಸಿದ್ದಕ್ಕಿಂತ ದೊಡ್ಡದಾಗಿರುತ್ತದೆ.